ಜರ್ಮನಿಗೆ ಬಂದ ಮೇಲೆ ಎಲ್ಲದಕ್ಕೂ ಗಂಡನ ಮುಖ ನೋಡುವಂತಾಗಿದೆ, ಏನು ಮಾಡಲಿ?

ಪ್ರಶ್ನೆ: ನಾನು ಶಿವಮೊಗ್ಗದವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮದುವೆಯಾಗಿ ಎರಡು ವರ್ಷ. ನಮ್ಮ ಮನೆಯವರಿಗೆ ಸ್ಟುಟ್‌ಗಾರ್ಟ್ ಕಡೆ ಕೆಲಸ ಸಿಕ್ಕಿತು. ಬ್ಲೂ ಕಾರ್ಡ್ (ಓದಿದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಮೇಲೆ ಅಕ್ಟೋಬರಿನಲ್ಲಿ ಇಬ್ಬರೂ ಬೋಬ್ಲಿಂಗನ್‌ಗೆ ಬಂದೆವು. ನನಗೆ ಜರ್ಮನ್ ಬರುವುದಿಲ್ಲ. ದಿನವಿಡೀ ಮನೆಯಲ್ಲಿ ಒಬ್ಬಳೇ. ಅಂಚೆ ಬಂದರೆ ಎದೆ ಡವಡವ ಅನ್ನುತ್ತದೆ. ಹಾಲು ತರುವುದಕ್ಕೂ ಇವರ ಹತ್ತಿರ ದುಡ್ಡು ಕೇಳಬೇಕು. ಮೆಟ್ಟಿಲು ಗುಡಿಸಿಲ್ಲ ಅಂತ ಕೆಳಗಿನ ಮನೆಯ ಅಜ್ಜಿ ಬಂದು ಏನೇನೋ ಹೇಳಿದರು, ಅವತ್ತು ತುಂಬಾ ಅತ್ತೆ. ಸಂಜೆ ಇವರು ಬಂದ ಮೇಲೆ ಮಾತಾಡಬೇಕು ಅಂತ ಕಾದಿರುತ್ತೇನೆ, ಇವರಿಗೆ ಮಾತೇ ಬೇಡ. ಆಮೇಲೆ ಜಗಳ. "ಇಲ್ಲಿ ನಿನಗೇನು ಕಡಿಮೆ?" ಅಂತಾರೆ. ದಿನಾ ಅಮ್ಮನಿಗೆ ಫೋನ್ ಮಾಡಿ ಅಳುತ್ತೇನೆ. ವಾಪಸ್ ಹೋಗಿಬಿಡಲಾ ಅನಿಸುತ್ತದೆ. ಎಲ್ಲರೂ ಹೊಂದಿಕೊಳ್ಳುತ್ತಾರೆ, ನಾನೇ ಸರಿ ಇಲ್ಲವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಸರಿಯಾಗಿಯೇ ಇದ್ದೀರಿ. ನಿಮ್ಮ ಮನೆಯವರೂ ಕೆಟ್ಟವರಲ್ಲ ಅಂತಲೇ ನಿಮ್ಮ ಪತ್ರ ಓದಿದಾಗ ಅನಿಸಿತು. ಹೊರದೇಶಕ್ಕೆ ಹೋದ ದಂಪತಿಗಳ ಜೊತೆ ಮಾತಾಡುವುದು ನನ್ನ ಕೆಲಸದ ದೊಡ್ಡ ಪಾಲು. ಜರ್ಮನಿಯಿಂದ ಇಂಥ ಪತ್ರಗಳು ನವೆಂಬರಿನಿಂದ ಫೆಬ್ರವರಿಯ ಒಳಗೆ ಬರುವುದೇ ಜಾಸ್ತಿ.

ಇದನ್ನು ಮನೆಯ ನೆನಪು, ಒಂಟಿತನ ಅಂತ ಹೇಳಿ ಮುಗಿಸಬಹುದು. ನೆನಪೂ ಇದೆ, ಒಂಟಿತನವೂ ಇದೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡಿದ್ದು ಬೇರೆ. ಶಿವಮೊಗ್ಗದಲ್ಲಿ ನಿಮಗೆ ನಿಮ್ಮದೇ ವ್ಯವಹಾರ ಇತ್ತು. ನಿಮ್ಮ ಸಂಬಳ, ನಿಮ್ಮ ಖಾತೆ, ನಿಮ್ಮ ತರಗತಿಯ ಮಕ್ಕಳು, ಸ್ಟಾಫ್ ರೂಮಿನ ಗೆಳತಿಯರು, ತರಕಾರಿಯವನ ಹತ್ತಿರ ಚೌಕಾಸಿ. ಬೋಬ್ಲಿಂಗನ್‌ನಲ್ಲಿ ಹೊರಗಿನ ಒಂದೊಂದು ವಿಷಯವೂ ಮನೆಯವರ ಕೈಯಿಂದಲೇ ಆಗಬೇಕು. ಕಾಗದ ಓದುವವರು ಅವರು, ದುಡ್ಡು ಕೊಡುವವರು ಅವರು, ಡಾಕ್ಟರ ಹತ್ತಿರ ಮಾತಾಡುವವರೂ ಅವರೇ. ಒಬ್ಬ ಟೀಚರ್ ಮೂರೇ ತಿಂಗಳಲ್ಲಿ ಎಲ್ಲದಕ್ಕೂ ಕೇಳಿ ಪಡೆಯುವ ಹಾಗಾದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನಾನು ಹೇಳುವುದು ಇಷ್ಟೇ: ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವ ಮೊದಲು ನಿಮ್ಮ ವ್ಯವಹಾರವನ್ನು ಒಂದೊಂದಾಗಿ ವಾಪಸ್ ತೆಗೆದುಕೊಳ್ಳಿ. ಜಗಳ ಅರ್ಧ ಅಲ್ಲೇ ಇಳಿಯುತ್ತದೆ.

ಅದಕ್ಕೂ ಮುಂಚೆ ನಿಮ್ಮ ತಪ್ಪಲ್ಲದ ಮೂರು ಸಂಗತಿ ಹೇಳಬೇಕು.

ಒಂದು ಬೆಳಕು. ಬೆಂಗಳೂರು, ಶಿವಮೊಗ್ಗ ಕಡೆ ಡಿಸೆಂಬರಿನಲ್ಲೂ ಹನ್ನೊಂದು ಗಂಟೆಗಿಂತ ಹೆಚ್ಚು ಹೊತ್ತು ಬೆಳಕಿರುತ್ತದೆ. ಸ್ಟುಟ್‌ಗಾರ್ಟ್‌ನಲ್ಲಿ ಆಗ ಎಂಟು ಗಂಟೆ ಚಿಲ್ಲರೆ ಮಾತ್ರ. ಬೆಳಗ್ಗೆ 8 ದಾಟಿದ ಮೇಲೆ ಸೂರ್ಯ ಬರುತ್ತಾನೆ, ಸಂಜೆ ನಾಲ್ಕೂವರೆಯೊಳಗೆ ಮುಳುಗುತ್ತಾನೆ. ಅದರಲ್ಲೂ ಮೋಡ ಕವಿದ ದಿನಗಳೇ ಹೆಚ್ಚು. ಇದು ಮೈಗೂ ಮನಸ್ಸಿಗೂ ಭಾರ. ಮಧ್ಯಾಹ್ನ 12ರಿಂದ 2ರ ಒಳಗೆ ದಿನಾ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡವಿದ್ದರೂ ಸರಿ. ನಮ್ಮ ಮೈಬಣ್ಣದವರಿಗೆ ಅಲ್ಲಿನ ಚಳಿಗಾಲದಲ್ಲಿ ವಿಟಮಿನ್ ಡಿ ಕಡಿಮೆಯಾಗುವುದು ಸಾಮಾನ್ಯ. ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ, ನೀವೇ ಮಾತ್ರೆ ತಂದು ನುಂಗಬೇಡಿ.

ಇನ್ನೊಂದು ಗಡಿಯಾರ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮನೆಯವರು ಸಂಜೆ 6ಕ್ಕೆ ಬಂದರೆ ಶಿವಮೊಗ್ಗದಲ್ಲಿ ರಾತ್ರಿ ಹತ್ತೂವರೆ. ಅಮ್ಮ ಮಲಗಿರುತ್ತಾರೆ, ಗೆಳತಿಯರು ಮಲಗಲು ಹೊರಟಿರುತ್ತಾರೆ. ಅಂದರೆ ಕತ್ತಲಾಗಿ ಮನಸ್ಸು ಕುಗ್ಗುವ ಹೊತ್ತಿನಲ್ಲಿ ನಿಮ್ಮ ಪಾಲಿಗೆ ಎದ್ದಿರುವ ಮನುಷ್ಯ ಒಬ್ಬರೇ. ಅಮ್ಮನ ಹತ್ತಿರ, ಅಕ್ಕನ ಹತ್ತಿರ, ಪಕ್ಕದ ಮನೆಯವರ ಹತ್ತಿರ, ಸಹೋದ್ಯೋಗಿಯ ಹತ್ತಿರ ಆಡಬೇಕಾದ ಮಾತೆಲ್ಲ ಅವರೊಬ್ಬರ ಮೇಲೆ ಬೀಳುತ್ತದೆ. ಒಬ್ಬ ಮನುಷ್ಯ ಅಷ್ಟೆಲ್ಲ ಆಗುವುದಕ್ಕೆ ಸಾಧ್ಯವಿಲ್ಲ. ಅವರಷ್ಟೇ ಅಲ್ಲ, ಯಾರಿಗೂ ಸಾಧ್ಯವಿಲ್ಲ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಅಂತರ ಮೂರೂವರೆ ಗಂಟೆಗೆ ಇಳಿಯುತ್ತದೆ. ಆಗ ಸ್ವಲ್ಪ ಸಲೀಸಾಗುತ್ತದೆ.

ಮೂರನೆಯದು ಭಾಷೆ. ಬ್ಲೂ ಕಾರ್ಡ್ ಇರುವವರ ಹೆಂಡತಿಗೆ ವೀಸಾ ಪಡೆಯಲು ಜರ್ಮನ್ ಪರೀಕ್ಷೆ ಕಡ್ಡಾಯವಲ್ಲ. ಬೇರೆ ಕೆಲವು ಬಗೆಯ ವೀಸಾಗಳಲ್ಲಿ ಬರುವ ಹೆಂಡತಿಯರು ಎ1, ಅಂದರೆ ಜರ್ಮನ್ ಕಲಿಕೆಯ ಮೊದಲ ಮಟ್ಟ, ಮುಗಿಸಿಯೇ ಹೊರಡಬೇಕು. ನಿಮಗೆ ಸಿಕ್ಕಿದ್ದು ಸವಲತ್ತೇ. ಆದರೆ ಆ ಸವಲತ್ತಿನಿಂದಾಗಿಯೇ ಎಷ್ಟೋ ಹೆಣ್ಣುಮಕ್ಕಳು ಒಂದು ವಾಕ್ಯವೂ ಗೊತ್ತಿಲ್ಲದೆ ಬಂದಿಳಿಯುತ್ತಾರೆ. ಹೊರಡುವ ಗಡಿಬಿಡಿಯಲ್ಲಿ ಕಲಿಯಲು ಯಾರೂ ಹೇಳಿರುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಇವತ್ತೇ ಕೆಳಗಿಳಿದು ಹೋಗಿ ನಿಮ್ಮ ಮನೆಯ ಅಂಚೆ ಡಬ್ಬಿ ನೋಡಿ. ಅದರ ಮೇಲೆ ನಿಮ್ಮ ಹೆಸರಿದೆಯಾ? ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಮನೆ ಸಂಖ್ಯೆ ಇರುತ್ತದೆ, ಫ್ಲ್ಯಾಟ್ ಸಂಖ್ಯೆ ಇರುವುದಿಲ್ಲ. ಪೋಸ್ಟ್‌ಮ್ಯಾನ್ ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾನೆ. ನಮ್ಮಲ್ಲಿ ಗಂಡ ಹೆಂಡತಿಗೆ ಒಂದೇ ಸರ್‌ನೇಮ್ ಇರಬೇಕೆಂದಿಲ್ಲ. ಒಬ್ಬರಿಗೆ ಅಪ್ಪನ ಹೆಸರು, ಇನ್ನೊಬ್ಬರಿಗೆ ಊರಿನ ಹೆಸರು. ನಿಮ್ಮ ಪಾಸ್‌ಪೋರ್ಟಿನ ಕೊನೆಯ ಹೆಸರು ಡಬ್ಬಿಯ ಮೇಲೆ ಇಲ್ಲದಿದ್ದರೆ ನಿಮಗೆ ಬಂದ ವಿಮೆಯ ಕಾರ್ಡು, ತೆರಿಗೆ ಸಂಖ್ಯೆ, ಬ್ಯಾಂಕಿನ ಪಿನ್ ಎಲ್ಲವೂ ಬಂದ ದಾರಿಯಲ್ಲೇ ವಾಪಸ್ ಹೋಗಬಹುದು. ಕಾಲಿಂಗ್ ಬೆಲ್ ಪಕ್ಕದಲ್ಲೂ ನಿಮ್ಮ ಹೆಸರು ಬರಲಿ. ಮನೆ ಮಾಲೀಕರಿಗೆ ಹೇಳಿದರೆ ಹಾಕಿಸಿಕೊಡುತ್ತಾರೆ.

ಬಂದ ಕಾಗದ ಒಡೆಯುವುದು ಇನ್ನು ಮೇಲೆ ನಿಮ್ಮ ಕೆಲಸ. ಹೆದರಬೇಡಿ. ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡಿ ಓದಿ. ಯಾರು ಕಳಿಸಿದ್ದು, ಏನು ಕೇಳಿದ್ದಾರೆ, ಯಾವ ತಾರೀಖಿನೊಳಗೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕಾಗದವನ್ನು ಫೈಲಿಗೆ ಸೇರಿಸಿ. ಅಲ್ಲಿ ಸರ್ಕಾರದ ವ್ಯವಹಾರ ಇವತ್ತಿಗೂ ಬಹುಪಾಲು ಅಂಚೆಯಲ್ಲೇ ನಡೆಯುತ್ತದೆ, ಗಡುವು ತಪ್ಪಿದರೆ ದಂಡವೂ ಬೀಳಬಹುದು. ಬಂದ ಹೊಸದರಲ್ಲಿ ಎಲ್ಲರೂ ಗಾಬರಿಯಾಗುವ ಒಂದು ಕಾಗದ ರೇಡಿಯೋ-ಟಿವಿ ಶುಲ್ಕದ್ದು. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. ಅದು ಮೋಸದ ಕಾಗದ ಅಂತ ಬಿಸಾಡಿ ಆಮೇಲೆ ಒದ್ದಾಡಿದವರಿದ್ದಾರೆ. ಇಂಥ ವಿಷಯ ಮನೆಯಲ್ಲಿ ಮೊದಲು ಗೊತ್ತಾಗುವುದು ನಿಮಗೆ ಆಗಲಿ. ಒಂದೆರಡು ತಿಂಗಳಲ್ಲಿ "ಆ ವಿಮೆಯ ಕಾಗದ ಏನಾಯ್ತು?" ಅಂತ ಅವರೇ ನಿಮ್ಮನ್ನು ಕೇಳುತ್ತಾರೆ ನೋಡಿ.

ದುಡ್ಡಿನ ವಿಷಯ ನಾನು ಬಿಡುವುದಿಲ್ಲ. ಹಾಲಿಗೂ ಕೇಳಿ ಪಡೆಯುವುದು ತಪ್ಪು, ಅದು ಈ ವಾರವೇ ನಿಲ್ಲಬೇಕು. ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ತೆರೆಯಿರಿ, ನಿಮ್ಮ ಕೈಯಲ್ಲಿ ಅದರ ಕಾರ್ಡ್ ಇರಲಿ. ಅದರ ಜೊತೆ ನಿಮ್ಮೊಬ್ಬರದೇ ಸಣ್ಣ ಖಾತೆಯೂ ಇರಲಿ, ತಿಂಗಳಿಗೆ ಒಂದಿಷ್ಟು ಅದಕ್ಕೆ ತಾನಾಗಿಯೇ ಹೋಗುವಂತೆ ಮಾಡಿ. ಯಾವುದಕ್ಕೆ ಖರ್ಚಾಯಿತು ಅಂತ ಅದರ ಲೆಕ್ಕ ಯಾರೂ ಕೇಳಬಾರದು. ಆರೋಗ್ಯ ವಿಮೆಯನ್ನೂ ವಿಚಾರಿಸಿ. ಮನೆಯವರು ಸರ್ಕಾರಿ ವ್ಯವಸ್ಥೆಯ ವಿಮೆಯಲ್ಲಿದ್ದರೆ, ಆದಾಯ ಇಲ್ಲದ ಹೆಂಡತಿ ಅದರೊಳಗೇ ಹೆಚ್ಚುವರಿ ಕಂತು ಇಲ್ಲದೆ ಸೇರುತ್ತಾಳೆ. ನಿಮ್ಮ ಹೆಸರಿನ ಕಾರ್ಡ್ ಬರಬೇಕು, ಅದನ್ನು ನಿಮ್ಮ ಪರ್ಸಿನಲ್ಲೇ ಇಟ್ಟುಕೊಳ್ಳಿ. ಹತ್ತಿರದಲ್ಲಿ ಇಂಗ್ಲಿಷ್ ಬರುವ ಫ್ಯಾಮಿಲಿ ಡಾಕ್ಟರನ್ನು ನೀವೇ ಹುಡುಕಿ. ಜ್ವರ ಬರುವ ಮೊದಲೇ ಹುಡುಕಿ, ಯಾಕೆಂದರೆ ಎಷ್ಟೋ ಕಡೆ ಹೊಸ ರೋಗಿಗಳನ್ನು ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನು ಆ ಅಜ್ಜಿ. ಅವರು ನಿಮ್ಮನ್ನು ಬೈದಿದ್ದು ಬಣ್ಣ ನೋಡಿ ಅಂತ ನಿಮಗೆ ಅನಿಸಿರಬಹುದು. ಅಂಥವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮೆಟ್ಟಿಲಿನ ವಿಷಯಕ್ಕೆ ಬಂದರೆ ಅಲ್ಲಿ ಬೇರೆಯದೇ ಕಾರಣ ಇದೆ. ಸ್ಟುಟ್‌ಗಾರ್ಟ್ ಸುತ್ತಲಿನ ಶ್ವಾಬನ್ ಸೀಮೆಯಲ್ಲಿ 'ಕೇರ್‌ವೋಖೆ' ಅಂತ ಒಂದು ಪದ್ಧತಿ. ಕಟ್ಟಡದ ಮೆಟ್ಟಿಲು, ಹಜಾರ, ಮುಂದಿನ ಕಾಲುದಾರಿಯನ್ನು ಮನೆಗಳವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಸಣ್ಣ ಫಲಕ ನೇತುಹಾಕುತ್ತಾರೆ. ಬಾಡಿಗೆ ಕರಾರಿನಲ್ಲೋ ಮನೆಯ ನಿಯಮಗಳ ಹಾಳೆಯಲ್ಲೋ ಬರೆದಿರುತ್ತದೆ, ಹಿಮ ಬಿದ್ದರೆ ಬೆಳಗ್ಗೆಯೇ ಕಾಲುದಾರಿ ಸ್ವಚ್ಛ ಮಾಡುವುದೂ ಅದರಲ್ಲೇ ಸೇರಿರಬಹುದು. ಬಾಗಿಲಿಗೆ ನೀರು ಹಾಕದೆ, ರಂಗೋಲಿ ಇಡದೆ ಇದ್ದ ಮನೆ ಬಗ್ಗೆ ನಮ್ಮ ಬೀದಿಯ ಅಜ್ಜಿಯರು ಏನಂತಾರೆ? ಹಾಗೇ ಇದೂ. ನಿಮ್ಮ ಮನೆಯ ಸರದಿ ಯಾವಾಗ ಅಂತ ಅವರನ್ನೇ ಕೇಳಿ. ಆ ವಾರ ಶನಿವಾರದೊಳಗೆ ಚೆನ್ನಾಗಿ ಗುಡಿಸಿ. ಗಂಡ ಹೆಂಡತಿ ಇಬ್ಬರೂ ಗುಡಿಸಿ, ನೀವೊಬ್ಬರೇ ಅಲ್ಲ. ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ತಪ್ಪದೆ "ಗ್ರ್ಯೂಸ್ ಗಾಟ್" ಹೇಳಿ, ಅಲ್ಲಿ ನಮಸ್ಕಾರ ಹೇಳುವುದು ಹಾಗೆ. ಭಾನುವಾರ ಗೋಡೆಗೆ ಮೊಳೆ ಹೊಡೆಯುವುದು, ಖಾಲಿ ಗಾಜಿನ ಬಾಟಲಿ ಎಸೆಯುವುದು ಬೇಡ. ಇಷ್ಟು ಪಾಲಿಸಿದರೆ ಬೈದ ಅಜ್ಜಿಯೇ ನಿಮಗೆ ಬಂದ ಪಾರ್ಸೆಲ್ ತೆಗೆದಿಟ್ಟುಕೊಳ್ಳುವವರಾಗುತ್ತಾರೆ. ನಾನು ಇದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ.

ಅಡುಗೆಮನೆಯ ಬಗ್ಗೆ ನೀವು ಕೇಳಿಲ್ಲ. ಆದರೆ ಬೇಕಾದ ಊಟ ಸಿಗದ ಮನೆಯಲ್ಲಿ ಬೇಜಾರು ಎರಡು ಪಟ್ಟು. ಮುಂದಿನ ಸಲ ಊರಿಂದ ಬರುವವರ ಹತ್ತಿರ ತುಪ್ಪ, ಪೇಡ, ಖೋವಾ ತರಿಸಬೇಡಿ. ಹೊರಗಿನ ದೇಶದ ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ತರುವಂತಿಲ್ಲ, ಏರ್‌ಪೋರ್ಟಿನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಹಸಿ ಕರಿಬೇವಿಗೂ ಅನುಮತಿ ಇಲ್ಲ. ತೆಂಗಿನಕಾಯಿ ತರಬಹುದು. ತುಪ್ಪಕ್ಕೆ ಅಲ್ಲಿನ ಉಪ್ಪಿಲ್ಲದ ಬೆಣ್ಣೆ ತಂದು ಸಣ್ಣ ಉರಿಯಲ್ಲಿ ಕಾಯಿಸಿ, ಊರಿನ ತುಪ್ಪಕ್ಕೆ ಏನೂ ಕಡಿಮೆ ಇರುವುದಿಲ್ಲ. ದೋಸೆ ಹಿಟ್ಟು ಚಳಿಗೆ ಹುಳಿ ಬರದಿದ್ದರೆ ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಅದರೊಳಗೆ ಇಡಿ. ಒಗ್ಗರಣೆ, ಕುಕ್ಕರಿನ ಹಬೆ ಇದ್ದ ಮೇಲೆ ಕಿಟಕಿ ಪೂರ್ತಿ ತೆರೆದು ಐದು-ಹತ್ತು ನಿಮಿಷ ಗಾಳಿ ಆಡಿಸಿ, ದಿನಕ್ಕೆ ಎರಡು ಮೂರು ಸಲ. ಚಳಿ ಅಂತ ಮುಚ್ಚಿಟ್ಟರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮನೆ ಬಿಡುವಾಗ ಮಾಲೀಕರ ಜೊತೆ ಅದೇ ದೊಡ್ಡ ತಕರಾರು. ಭಾನುವಾರ ಅಂಗಡಿ ಮುಚ್ಚಿರುತ್ತವೆ ಅನ್ನುವುದು ಇಷ್ಟರಲ್ಲಿ ನಿಮಗೆ ಗೊತ್ತಾಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಭಾಷೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊಬೈಲ್ ಆ್ಯಪ್‌ನಲ್ಲಿ ಮನೆಯಲ್ಲೇ ಕೂತು ಕಲಿಯುತ್ತೇನೆ ಅನ್ನಬೇಡಿ. ನಿಮಗೆ ಬೇಕಾಗಿರುವುದು ಪಾಠ ಮಾತ್ರ ಅಲ್ಲ, ಬೆಳಗ್ಗೆ ತಯಾರಾಗಿ ಹೋಗುವ ಒಂದು ಜಾಗ. ಅಲ್ಲಿನ ಊರೂರಿನಲ್ಲೂ 'ಫೋಲ್ಕ್ಸ್‌ಹೋಖ್‌ಶೂಲೆ' ಅಂತ ದೊಡ್ಡವರಿಗಾಗಿ ನಡೆಯುವ ಸಾರ್ವಜನಿಕ ಶಾಲೆ ಇರುತ್ತದೆ, ಬೋಬ್ಲಿಂಗನ್-ಸಿಂಡೆಲ್‌ಫಿಂಗನ್‌ನಲ್ಲೂ ಇದೆ. ಖಾಸಗಿ ಸಂಸ್ಥೆಗಳಿಗಿಂತ ಶುಲ್ಕ ಸಾಮಾನ್ಯವಾಗಿ ಕಡಿಮೆ. ವಾರಕ್ಕೆ ನಾಲ್ಕೈದು ದಿನ ಬೆಳಗ್ಗೆ ನಡೆಯುವ ತರಗತಿಗೇ ಸೇರಿ. ಸಂಜೆಯ ತರಗತಿ ಅಗ್ಗ, ಆದರೆ ನಿಮ್ಮ ಕಷ್ಟ ಇರುವುದು ಹಗಲಿನಲ್ಲಿ. ಅಲ್ಲಿ ಸಿರಿಯಾದವರು, ಉಕ್ರೇನಿನವರು, ಬ್ರೆಜಿಲಿನವರು ನಿಮ್ಮ ಹಾಗೇ ತಡವರಿಸುತ್ತಿರುತ್ತಾರೆ. ಎಷ್ಟೋ ಜನರಿಗೆ ಹೊರದೇಶದ ಮೊದಲ ಗೆಳತಿ ಸಿಗುವುದು ಇಲ್ಲೇ. ಆ ಗೆಳತಿ 'ಇಂಥವರ ಹೆಂಡತಿ' ಅಂತ ನಿಮ್ಮನ್ನು ಗುರುತಿಸುವುದಿಲ್ಲ, ಅದೇ ದೊಡ್ಡದು.

ಎಷ್ಟು ದಿನ ಬೇಕು? ಹೊಸದಾಗಿ ಬಂದವರಿಗೆ ಸರ್ಕಾರ ನಡೆಸುವ ಇಂಟಿಗ್ರೇಷನ್ ಕೋರ್ಸಿನಲ್ಲಿ ಎ1, ಎ2 ದಾಟಿ ಮೂರನೆಯದಾದ ಬಿ1 ಮಟ್ಟಕ್ಕೆ ತಲುಪಲು 45 ನಿಮಿಷದ 600 ಪಿರಿಯಡ್ ಇಟ್ಟಿದ್ದಾರೆ. ನೀವು ಟೀಚರ್, ಲೆಕ್ಕ ಹಾಕಿಕೊಳ್ಳಿ. ದಿನಾ ಹೋದರೂ ಬಿಡುವು, ಪರೀಕ್ಷೆ ಸೇರಿ ಹತ್ತಿರ ಹತ್ತಿರ ಒಂದು ವರ್ಷದ ಕೆಲಸ. ಆರು ತಿಂಗಳಲ್ಲಿ ಬರಲಿಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಉದ್ಯೋಗ ಮಾಡಲು ನಿಮಗೆ ಮೊದಲ ದಿನದಿಂದಲೇ ಹಕ್ಕಿದೆ, ನಿಮ್ಮ ವಾಸದ ಕಾರ್ಡಿನಲ್ಲೇ ಬರೆದಿರುತ್ತದೆ, ನೋಡಿ. ಆದರೆ ಸರ್ಕಾರಿ ಶಾಲೆಯ ಟೀಚರ್ ಆಗುವುದು ಸುಲಭ ಅಂತ ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ಟೀಚರುಗಳು ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು, ಜರ್ಮನ್ ಬಹಳ ಮೇಲಿನ ಮಟ್ಟದಲ್ಲಿ ಬೇಕು, ನಮ್ಮ ಬಿ.ಎಡ್‌ಗೆ ಪೂರ್ತಿ ಮಾನ್ಯತೆ ಸಿಗುವುದು ಕಷ್ಟ. ವರ್ಷಗಳ ದಾರಿ ಅದು. ಹಾಗಂತ ಗಣಿತವನ್ನು ಬಿಡಬೇಡಿ. ಮಕ್ಕಳಿಗೆ ಟ್ಯೂಷನ್ ಹೇಳುವುದಕ್ಕೆ ಅಲ್ಲಿ ಬೇಡಿಕೆ ಇದೆ, ಸ್ಟುಟ್‌ಗಾರ್ಟ್ ಕಡೆ ಇಂಗ್ಲಿಷಿನಲ್ಲಿ ಕಲಿಸುವ ಇಂಟರ್‌ನ್ಯಾಷನಲ್ ಶಾಲೆಗಳೂ ಇವೆ. ಎ2 ಮುಗಿದ ಮೇಲೆ 'ಮಿನಿಜಾಬ್', ಅಂದರೆ ಸಣ್ಣ ಸಂಬಳದ ಅರೆಕಾಲಿಕ ಕೆಲಸ, ಹುಡುಕಬಹುದು. 2026ರಲ್ಲಿ ಅದರ ಮಿತಿ ತಿಂಗಳಿಗೆ 603 ಯೂರೋ, ಅಷ್ಟರೊಳಗೆ ಇದ್ದರೆ ಮನೆಯವರ ವಿಮೆಯಲ್ಲೇ ಮುಂದುವರಿಯಬಹುದು. ಸ್ಟುಟ್‌ಗಾರ್ಟ್‌ನ ಚಾರ್ಲೊಟನ್‌ಪ್ಲಾಟ್ಸ್‌ನಲ್ಲಿ ಹೊಸದಾಗಿ ಬಂದವರಿಗೆ ಸಲಹೆ ಕೊಡುವ ವೆಲ್‌ಕಮ್ ಸೆಂಟರ್ ಇದೆ. ಕೋರ್ಸು, ಪದವಿ ಮಾನ್ಯತೆ, ಕೆಲಸ ಎಲ್ಲ ಕೇಳಬಹುದು. ಬೋಬ್ಲಿಂಗನ್‌ನಿಂದ ಎಸ್1 ರೈಲು ನೇರವಾಗಿ ಸ್ಟುಟ್‌ಗಾರ್ಟಿಗೆ ಹೋಗುತ್ತದೆ. ಒಬ್ಬರೇ ಹೋಗಿ ಬನ್ನಿ. ದಾರಿ ತಪ್ಪಿದರೂ ಪರವಾಗಿಲ್ಲ, ಮುಂದಿನ ರೈಲು ಇದ್ದೇ ಇರುತ್ತದೆ.

ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂದಿನದನ್ನು ಓದಿ. ಇದು ಅವರಿಗೆ.

ಸಾರ್, ನಿಮ್ಮ ಮೌನದ ಹಿಂದೆ ಏನಿದೆ ಅಂತ ನನಗೆ ಅಂದಾಜಿದೆ. ಜರ್ಮನಿಯಲ್ಲಿ ಹೊಸ ಕೆಲಸಕ್ಕೆ ಸಾಮಾನ್ಯವಾಗಿ ಆರು ತಿಂಗಳ ಪ್ರೊಬೇಷನ್. ಅಷ್ಟರಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ವೀಸಾ ಆ ಕೆಲಸಕ್ಕೆ ಅಂಟಿಕೊಂಡಿದೆ. ಇಡೀ ದಿನ ಬೇರೆ ಭಾಷೆಯಲ್ಲಿ ತಲೆ ಓಡಿಸಿ ಬಂದಾಗ ಮಾತು ಹೊರಡುವುದಿಲ್ಲ. ಹೆಂಡತಿಗೆ ಹೇಳಿದರೆ ಅವಳೂ ಹೆದರುತ್ತಾಳೆ ಅಂತ ನುಂಗಿಕೊಂಡಿದ್ದೀರಿ. ದಯವಿಟ್ಟು ಹೇಳಿ. ನೀವು ಹೇಳದಿದ್ದರೆ ಅವರು ಆ ಮೌನಕ್ಕೆ ಬೇರೆ ಅರ್ಥ ಹಚ್ಚುತ್ತಾರೆ: ನಾನು ಇವರಿಗೆ ಬೇಡವಾಗಿದ್ದೇನೆ ಅಂತ. ಬಂದ ತಕ್ಷಣ ಮಾತು ಬೇಡವಾದರೆ "ಅರ್ಧ ಗಂಟೆ ಸುಮ್ನೆ ಕೂರ್ತೀನಿ, ಆಮೇಲೆ ಮಾತಾಡೋಣ" ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ನಿಜವಾಗಿಯೂ ಮಾತಾಡಿ. ಇನ್ನು "ನಿನಗೇನು ಕಡಿಮೆ?" ಅನ್ನುವ ಮಾತು ಬಿಟ್ಟುಬಿಡಿ. ಅವರು ಕೆಲಸ, ಸಂಬಳ, ಸ್ನೇಹಿತರು, ಭಾಷೆ ನಾಲ್ಕನ್ನೂ ಬಿಟ್ಟು ಬಂದಿದ್ದಾರೆ. ನಿಮಗೆ ಅದರಲ್ಲಿ ಎರಡಾದರೂ ಅಲ್ಲಿ ಸಿಕ್ಕಿವೆ. ಅವರು ತರಗತಿಗೆ ಸೇರಿದ ಮೇಲೆ ಅಡುಗೆ, ಬಟ್ಟೆ, ಪಾತ್ರೆ ಮೊದಲಿನ ಹಾಗೆ ಅವರೊಬ್ಬರ ಮೇಲೆ ಇರಬಾರದು. ವಾರಕ್ಕೆ ಮೂರು ರಾತ್ರಿ ನೀವು ಅನ್ನ ಸಾರು ಮಾಡಿ. ಅವರು ಅಂಗಡಿಯಲ್ಲಿ ಜರ್ಮನ್ ತಡವರಿಸುವಾಗ ಮಧ್ಯೆ ಬಾಯಿ ಹಾಕಬೇಡಿ, ಸ್ವಲ್ಪ ಹೊತ್ತು ಹಿಡಿದರೂ ಅವರೇ ಮುಗಿಸಲಿ.

ಮತ್ತೆ ನಿಮಗೆ. ಅಮ್ಮನಿಗೆ ಫೋನ್ ಮಾಡುವುದನ್ನು ನಿಲ್ಲಿಸಬೇಡಿ. ಆದರೆ ಪ್ರತಿ ಜಗಳವನ್ನೂ ಹೇಳುವುದು ಬೇಡ. ಮಧ್ಯಾಹ್ನ ನೀವು ಅತ್ತಿದ್ದು ಅಮ್ಮನಿಗೆ ಗೊತ್ತಾಗುತ್ತದೆ. ರಾತ್ರಿ ನೀವಿಬ್ಬರೂ ರಾಜಿಯಾಗಿ ಊಟ ಮಾಡಿದ್ದು ಗೊತ್ತಾಗುವುದಿಲ್ಲ. ಅವರು ಶಿವಮೊಗ್ಗದಲ್ಲಿ ನಿದ್ದೆ ಇಲ್ಲದೆ ಹೊರಳಾಡುತ್ತಾರೆ, ಅಳಿಯನ ಮೇಲೆ ಮನಸ್ಸು ಕೆಡುತ್ತದೆ, ಅದು ಬೇಗ ಸರಿಹೋಗುವುದಿಲ್ಲ. ಜಗಳದ ವಿಷಯ ಹೇಳಿಕೊಳ್ಳಲು ಒಬ್ಬ ಗೆಳತಿ ಅಥವಾ ಸಮಾಲೋಚಕರು ಇರಲಿ. ಕನ್ನಡದಲ್ಲಿ ಆನ್‌ಲೈನ್ ಸಮಾಲೋಚನೆ ಕೊಡುವವರು ಈಗ ಸಿಗುತ್ತಾರೆ. ಅಲ್ಲಿನ ಕನ್ನಡದವರ ಯುಗಾದಿ, ರಾಜ್ಯೋತ್ಸವಗಳಿಗೂ ಹೋಗಿ. ನಮ್ಮ ಭಾಷೆ ಕಿವಿಗೆ ಬಿದ್ದರೆ ಆಗುವ ನಿರಾಳ ಬೇರೆಯದೇ. ಆದರೆ ಪ್ರತಿ ಶನಿವಾರವೂ ಮನೆಯವರ ಆಫೀಸಿನ ಸ್ನೇಹಿತರ ಮನೆ ಊಟಕ್ಕೇ ಮುಗಿಯದಿರಲಿ.

ಒಂದು ವಿಷಯವನ್ನು ಮಾತ್ರ ಬೇರೆಯಾಗಿಯೇ ಹೇಳಬೇಕು. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ, ಆದರೆ ಓದುವ ಬೇರೆಯವರಿಗೆ ಬೇಕಾಗಬಹುದು. ಗಂಡ ಕೈ ಮಾಡಿದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ, "ನಿನ್ನ ವೀಸಾ ನನ್ನ ಕೈಯಲ್ಲಿದೆ" ಅಂತ ಹೆದರಿಸಿದರೆ ಅದು ಹೊಂದಾಣಿಕೆಯ ಸಮಸ್ಯೆ ಅಲ್ಲ. 116 016ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕಾಗಿಯೇ ಇರುವ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ಉಚಿತ, ಇಂಗ್ಲಿಷಿನಲ್ಲೂ ಮಾತಾಡಬಹುದು. ತಕ್ಷಣದ ಅಪಾಯವಿದ್ದರೆ ಪೊಲೀಸ್ 110. ದಾಂಪತ್ಯ ಜರ್ಮನಿಯಲ್ಲಿ ಮೂರು ವರ್ಷ ನಡೆದಿದ್ದರೆ ಹೆಂಡತಿಗೆ ಸ್ವತಂತ್ರವಾಗಿ ಅಲ್ಲಿ ಉಳಿಯುವ ಹಕ್ಕು ಸಿಗಬಹುದು. ಮನೆಯೊಳಗೆ ಹಿಂಸೆ ಇದ್ದರೆ ಆ ಮೂರು ವರ್ಷವೂ ಆಗಿರಬೇಕೆಂದಿಲ್ಲ. ಇನ್ನು ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಫ್ಯಾಮಿಲಿ ಡಾಕ್ಟರಿಗೆ ಹೇಳಿ. ಮನೋಚಿಕಿತ್ಸಕರ ಮೊದಲ ಭೇಟಿಗೆ ಡಾಕ್ಟರ ಭೇಟಿ ಗೊತ್ತುಮಾಡಿಕೊಡುವ 116 117ರಲ್ಲೂ ಕೇಳಬಹುದು. ಬದುಕುವುದೇ ಬೇಡ ಅನ್ನುವ ಯೋಚನೆ ಬಂದರೆ ಕಾಯಬೇಡಿ, ತುರ್ತು ಸಹಾಯಕ್ಕೆ 112.

ವಾಪಸ್ ಹೋಗಿಬಿಡಲಾ ಅಂತ ಕೇಳಿದ್ದೀರಿ. ಹೋಗುವುದು ಸೋಲು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಎಷ್ಟೋ ದಂಪತಿಗಳು ಯೋಚಿಸಿ ವಾಪಸ್ ಬಂದು ಚೆನ್ನಾಗಿದ್ದಾರೆ. ಆದರೆ ಈ ತೀರ್ಮಾನವನ್ನು ಜನವರಿಯ ಕತ್ತಲಲ್ಲಿ, ಜಗಳದ ಮರುದಿನ ಮಾಡಬೇಡಿ. ಜೂನಿನಲ್ಲಿ ಅದೇ ಬೋಬ್ಲಿಂಗನ್‌ನಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ, ಅಷ್ಟು ಹೊತ್ತಿಗೆ ನಿಮ್ಮ ಎ1 ಮುಗಿದಿರುತ್ತದೆ, ಅವರ ಪ್ರೊಬೇಷನ್ ಕೂಡ. ಜುಲೈ ತಿಂಗಳಲ್ಲಿ ಒಂದು ದಿನ ಗುರುತು ಹಾಕಿಕೊಳ್ಳಿ. ಅವತ್ತು ಇಬ್ಬರೂ ಕೂತು ಇರುವುದಾ, ಹೋಗುವುದಾ, ಇರುವುದಾದರೆ ಎಷ್ಟು ವರ್ಷ ಅಂತ ಮಾತಾಡಿ ಬರೆದಿಡಿ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಜಗಳದ ಮಧ್ಯೆ ಎಳೆದು ತರುವುದಿಲ್ಲ ಅಂತ ಇಬ್ಬರೂ ಒಪ್ಪಿಕೊಳ್ಳಿ. ತರಗತಿಗೆ ಮಾತ್ರ ಜುಲೈವರೆಗೆ ಕಾಯಬೇಡಿ. ಹೊಸ ಬ್ಯಾಚ್ ಯಾವಾಗ ಅಂತ ಈ ವಾರವೇ ಹೋಗಿ ವಿಚಾರಿಸಿ, ಸೀಟುಗಳು ಬೇಗ ತುಂಬುತ್ತವೆ.